ಅಮ್ಮಿ ಇನ್ನು ಚಪ್ಪಲಿ ಕಾಯಲ್ಲ

ನಮ್ಮ ಮನೆಯ ಬೀಚ್ ಫೋಟೋಗಳಲ್ಲಿ ಅಮ್ಮಿ ಇರೋದೇ ಇಲ್ಲ. ಮಲ್ಪೆ ಇರಲಿ, ಮುರುಡೇಶ್ವರ ಇರಲಿ, ಕಾರವಾರ ಇರಲಿ, ಅದೇ ಕಥೆ. ನಾವೆಲ್ಲ ನೀರಲ್ಲಿ, ಅಮ್ಮಿ ದಡದಲ್ಲಿ. ಐದು ಜೊತೆ ಚಪ್ಪಲಿ, ಎರಡು ಬ್ಯಾಗು, ಒಂದು ಟಿಫಿನ್ ಡಬ್ಬಿ ಕಾಯ್ತಾ ಕೂತಿರ್ತಾರೆ. ಡಬ್ಬಿ ಯಾಕೆ ಅಂದ್ರೆ, ಹೋಟೆಲಿನವರು ಮಾಂಸ ಎಲ್ಲಿಂದ ತರ್ತಾರೋ ಗೊತ್ತಿಲ್ಲ. ನೀರಿಗೆ ಯಾಕೆ ಇಳಿಯಲ್ಲ ಅಂದ್ರೆ, ಒದ್ದೆಯಾದ ಮೇಲೆ ಬಟ್ಟೆ ಬದಲಾಯಿಸೋಕೆ ಜಾಗ ಇರಲ್ಲ. ಇರೋದು ಇವೆರಡೇ ಕಾರಣ. ಎರಡನ್ನೂ ಸರಿ ಮಾಡೋಕೆ ಯಾವ ಮಹಾವಿದ್ಯೆಯೂ ಬೇಡ.

ಈ ಡಿಸೆಂಬರಿಗೆ ಆರು ಜನರ ಟ್ರಿಪ್ ಪ್ಲಾನ್ ಮಾಡೋ ಕೆಲಸ ನನ್ನ ತಲೆಗೆ ಬಿತ್ತು. ಅಮ್ಮಿ, ಅಬ್ಬಾ, ನಾವಿಬ್ಬರು, ಎರಡು ಮಕ್ಕಳು. ಎಲ್ಲ ಐಟಿಯವರ ಹಾಗೆ ಮೊದಲು ಎಕ್ಸೆಲ್ ಶೀಟ್ ತೆರೆದೆ, ಆಮೇಲೆ 'ಹಲಾಲ್ ಫ್ರೆಂಡ್ಲಿ ಬೀಚ್ ಹಾಲಿಡೇ' ಅಂತ ಹುಡುಕಿದೆ. ಬಂದಿದ್ದೇನು? ಲಂಕಾವಿ, ಮಾಲ್ಡೀವ್ಸ್, ಎತ್ತರದ ಗೋಡೆ ಇರೋ ಪ್ರೈವೇಟ್ ಪೂಲ್ ವಿಲ್ಲಾ. ಆರು ಜನಕ್ಕೆ ಬಂದ ಕೊಟೇಶನ್ ನೋಡಿ ನನ್ನ ಗಂಡ ಏನೂ ಮಾತಾಡದೆ ಲ್ಯಾಪ್‌ಟಾಪ್ ಮುಚ್ಚಿಟ್ಟ.

ಲಂಕಾವಿ ಮೇಲೆ ನನಗೇನೂ ಸಿಟ್ಟಿಲ್ಲ. ಮಲೇಷ್ಯಾದಲ್ಲಿ ಹಲಾಲ್ ಪ್ರಮಾಣಪತ್ರ ಕೊಡೋದು ಜಾಕಿಮ್ ಅನ್ನೋ ಸರ್ಕಾರಿ ಇಲಾಖೆ. 2023ರ ಡಿಸೆಂಬರ್ 1ರಿಂದ ನಮಗೆ ಅಲ್ಲಿಗೆ ವೀಸಾ ಕೂಡ ಬೇಡ. ದುಡ್ಡಿದ್ದವರು ಆರಾಮಾಗಿ ಹೋಗಿ ಬನ್ನಿ. ನನ್ನ ಸಿಟ್ಟು ಇರೋದು, ಶುದ್ಧವಾದ ಒಂದು ಊಟ ಮತ್ತು ಬಾಗಿಲು ಹಾಕಿಕೊಳ್ಳೋಕೆ ಆಗೋ ಒಂದು ರೂಮನ್ನು 'ಪ್ರೀಮಿಯಂ ಧಾರ್ಮಿಕ ಅನುಭವ' ಮಾಡಿ ಮಾರೋ ವ್ಯಾಪಾರದ ಮೇಲೆ.

ಇನ್ನು ನಮ್ಮ ಕಡೆ ಏನಾಗುತ್ತೆ ನೋಡಿ. ಕರಾವಳಿಯ ರೆಸಾರ್ಟುಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. "ಚಿಕನ್ ಹಲಾಲ್ ಇದೆಯಾ?" ಆ ಕಡೆ ಮೌನ. ಒಬ್ಬರು "ಅಂಥದ್ದೆಲ್ಲ ನಮ್ಮಲ್ಲಿಲ್ಲ ಮೇಡಂ" ಅಂದ್ರು, ನಾನೇನೋ ಗಾಂಜಾ ಕೇಳಿದ ಹಾಗೆ. ಇನ್ನೊಬ್ಬರು ದನಿ ತಗ್ಗಿಸಿ, "ಹಲಾಲೇ ಮೇಡಂ, ಆದ್ರೆ ನಾವು ಬೋರ್ಡ್ ಹಾಕಲ್ಲ" ಅಂದ್ರು. ಪಾಪ, ಅವರ ಕಷ್ಟ ಅರ್ಥವಾಗುತ್ತೆ. 2022ರ ಯುಗಾದಿ ಹೊಸತೊಡಕಿನ ಹೊತ್ತಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಅಂತ ರಾಜ್ಯದಲ್ಲಿ ದೊಡ್ಡ ಅಭಿಯಾನವೇ ನಡೀತಲ್ಲ, ಅವತ್ತಿನಿಂದ ಆ ಪದ ಬಾಯಿಗೆ ಬಂದರೆ ಎರಡೂ ಕಡೆಯವರಿಗೆ ಬೆವರು.

ಅಲ್ಲಾ ರೀ, ನಮ್ಮ ಆಫೀಸಿನ ಔಟಿಂಗಿಗೆ ಫಾರ್ಮ್ ಬರುತ್ತೆ. ವೆಜ್, ನಾನ್‌ವೆಜ್, ಎಗ್ ಓಕೆ, ಜೈನ್. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಬೇಕು ಅಂತ ಸಹೋದ್ಯೋಗಿ ಬರೆದರೆ ಯಾರೂ ಹುಬ್ಬೇರಿಸಲ್ಲ, ಏರಿಸಲೂಬಾರದು. ತಮ್ಮದೇ ಅಡುಗೆಯವರನ್ನ ಕರ್ಕೊಂಡು ಕಾಶಿಗೂ ಯುರೋಪಿಗೂ ಹೋಗೋ ಟೂರ್ ಗುಂಪುಗಳನ್ನ ನಾವೆಲ್ಲ ನೋಡಿದ್ದೀವಿ. ಅದು ಆಚಾರ. ನಾನು ಮಾಂಸ ಎಲ್ಲಿಂದ ಬಂತು ಅಂತ ಕೇಳಿದರೆ ಮಾತ್ರ ಅಜೆಂಡಾನಾ? ನಿಮ್ಮ ತಟ್ಟೆಗೆ ಹಲಾಲ್ ಹಾಕಿ ಅಂತ ನಾನು ಕೇಳ್ತಿಲ್ಲ. ನನ್ನ ತಟ್ಟೆಯಲ್ಲಿ ಏನಿದೆ ಅಂತ ಕೇಳ್ತಿದ್ದೀನಿ, ಅಷ್ಟೇ.

ಮಾಲ್ಡೀವ್ಸ್ ವಿಷಯ ಇಲ್ಲಿ ನೆನಪಾಗುತ್ತೆ. ಅದು ಮುಸ್ಲಿಂ ದೇಶ. ರೆಸಾರ್ಟ್ ದ್ವೀಪಗಳಲ್ಲಿ ಮದ್ಯ ಸಿಗುತ್ತೆ, ಜನವಸತಿಯ ದ್ವೀಪಗಳಲ್ಲಿ ಸಿಗಲ್ಲ. ಆ ಊರಿನ ದ್ವೀಪಗಳಲ್ಲೂ ಎಷ್ಟೋ ಕಡೆ ಪ್ರವಾಸಿಗರಿಗಾಗಿ 'ಬಿಕಿನಿ ಬೀಚ್' ಅಂತ ಬೋರ್ಡ್ ಹಾಕಿ ಜಾಗ ಬಿಟ್ಟುಕೊಟ್ಟಿದ್ದಾರೆ. ಬಂದ ಅತಿಥಿಗೆ ಏನು ಬೇಕೋ ಅದಕ್ಕೊಂದು ಜಾಗ. ಅದನ್ನ ನಾವು ಓಲೈಕೆ ಅಂತೀವಾ? ಇಲ್ಲ, ಪ್ರವಾಸೋದ್ಯಮ ಅಂತೀವಿ.

ಎರಡು ವರ್ಷದ ಹಿಂದೆ ಇದೇ ಕರಾವಳಿಯ ಒಂದು ರೆಸಾರ್ಟಲ್ಲಿ ನನ್ನ ಮಗಳು ಪೂಲಿಗಿಳಿದಳು. ಆಗ ಅವಳಿಗೆ 9 ವರ್ಷ. ಹಾಕಿದ್ದು ತುಂಬುತೋಳಿನ ಸ್ವಿಮ್‌ಸೂಟ್, ಉಳಿದ ಮಕ್ಕಳದ್ದು ಯಾವ ಬಟ್ಟೆಯೋ ಅದೇ ನೈಲಾನ್ ಬಟ್ಟೆ. ಸೀಟಿ ಊದಿದರು. 'ಡ್ರೆಸ್ ಕೋಡ್' ಅಂದರು. ಹತ್ತಿ ಬಟ್ಟೆಯ ನೂಲು ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತೆ ಅನ್ನೋದು ಒಪ್ಪುವ ಮಾತು. ಅದು ಬಟ್ಟೆಯ ಮಾತು, ಅಳತೆಯದ್ದಲ್ಲ. ಎಷ್ಟು ವಾದ ಮಾಡಿದರೂ ಕೇಳಲಿಲ್ಲ. ಅವಳು ಟವೆಲ್ ಸುತ್ತಿಕೊಂಡು ಬಂದು ಕೇಳಿದಳು: "ಮಮ್ಮಿ, ನನ್ನ ಡ್ರೆಸ್ ಗಲೀಜಾ?"

ಅವತ್ತು ಸಂಜೆಯೆಲ್ಲ ಅವಳು ಅಮ್ಮಿ ಪಕ್ಕ ಚಪ್ಪಲಿ ಕಾಯ್ತಾ ಕೂತಿದ್ದಳು. ಎರಡು ತಲೆಮಾರು, ಒಂದೇ ಕೆಲಸ. ನನಗೆ ಉರಿದಿದ್ದು ಅದು.

"ಹೊರಗೆ ಬಂದ ಮೇಲೆ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಪ್ಪ" ಅನ್ನೋರು ಇದ್ದಾರೆ. ಮಾಡ್ಕೊಂಡೇ ಇದ್ದೀವಿ. ನಮ್ಮ ಧರ್ಮವೇ ಪ್ರಯಾಣಿಕರಿಗೆ ರಿಯಾಯಿತಿ ಕೊಟ್ಟಿದೆ. ನಾಲ್ಕು ರಕಾತಿನ ನಮಾಜು ದೂರ ಪ್ರಯಾಣದಲ್ಲಿ ಎರಡಾಗುತ್ತೆ, ರೋಜಾವನ್ನ ಮುಂದಕ್ಕೆ ಹಾಕಬಹುದು. ದೇವರೇ ಅರ್ಧಕ್ಕರ್ಧ ಬಿಟ್ಟುಕೊಟ್ಟ ಮೇಲೂ ರೆಸಾರ್ಟಿನವರು ಒಂದು ಪ್ರಶ್ನೆಗೆ ಉತ್ತರ ಕೊಡಲ್ಲ ಅಂದ್ರೆ ಹೇಗೆ?

ಈಗ ನಮ್ಮವರ ಸರದಿ. ಸ್ಟಿಕ್ಕರ್ ಇದ್ದರೆ ಸಾಕು, ಎಲ್ಲ ಸರಿಹೋಯ್ತು ಅನ್ನೋ ಭ್ರಮೆ ಬೇಡ. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಶಾಫಿ ಪಂಥದವರು. ಏಡಿ, ಸೀಗಡಿ ಆರಾಮಾಗಿ ತಿಂತಾರೆ. ಘಟ್ಟದ ಮೇಲಿನ ನಮ್ಮಂಥ ಹನಫಿಗಳಿಗೆ ಏಡಿ ಆಗಲ್ಲ, ಸೀಗಡಿ ಬಗ್ಗೆ ಇನ್ನೂ ಜಗಳ ಮುಗಿದಿಲ್ಲ. ಭಟ್ಕಳದ ಗೆಳತಿಯ ಮನೆಯಲ್ಲಿ ಅಮ್ಮಿ ಏಡಿಯನ್ನ ಮೆಲ್ಲಗೆ ಪಕ್ಕಕ್ಕೆ ಸರಿಸಿ ಅಂಜಲ್ ಫ್ರೈ ಹಾಕ್ಕೊಂಡ್ರು. ಗೆಳತಿಯ ತಾಯಿ ನಕ್ಕರು. ಅಷ್ಟರಲ್ಲಿ ಮುಗೀತು. ಇದಕ್ಕೆ ಯಾವ ಸ್ಟಿಕ್ಕರ್ ಅಂಟಿಸ್ತೀರಿ?

ಗೋಡೆ ಕಟ್ಟಿದ ವಿಲ್ಲಾವೂ ಅಷ್ಟೇ. ಹೆಂಗಸರು ಗೋಡೆಯೊಳಗಿನ ಪೂಲಲ್ಲಿ, ಗಂಡಸರು ಎದುರಿಗಿರೋ ಸಮುದ್ರದಲ್ಲಿ. ಅದಕ್ಕೆ 'ಫ್ಯಾಮಿಲಿ ಹಾಲಿಡೇ' ಅಂತ ಹೆಸರು. ಬೇಕು ಅನ್ನೋರಿಗೆ ಇರಲಿ, ಆದರೆ ಅದೊಂದೇ ದಾರಿ ಅನ್ನಬೇಡಿ. ಮೈತುಂಬ ಬಟ್ಟೆ ಹಾಕ್ಕೊಂಡ ಹೆಂಗಸಿಗೆ ಸಮುದ್ರ ಹರಾಮ್ ಅಂತ ಯಾರೂ ಹೇಳಿಲ್ಲ. ಚಪ್ಪಲಿ ಕಾಯೋದಂತೂ ಯಾವ ಪಂಥದಲ್ಲೂ ಫರ್ಜ್ ಅಲ್ಲ. ಅದು ಬರೀ ನಮ್ಮ ಅನುಕೂಲ.

ಹಾಗಾಗಿ ನನ್ನ ಶೀಟಲ್ಲಿ ಲಂಕಾವಿ ಡಿಲೀಟ್ ಆಗಿದೆ. ಬೆಂಗಳೂರಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಉತ್ತರ ಕನ್ನಡ. ಹೊನ್ನಾವರದ ಹತ್ತಿರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ, ಎರಡೂ 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಬೀಚುಗಳು. ಶೌಚಾಲಯ, ಬಟ್ಟೆ ಬದಲಾಯಿಸೋ ಕೋಣೆ ಅಲ್ಲಿವೆ. ಅಮ್ಮಿಯ ಅರ್ಧ ಸಮಸ್ಯೆ ಅಲ್ಲೇ ಖತಂ. ಬಿರಿಯಾನಿಗೆ ಅದೇ 66ನೇ ಹೆದ್ದಾರಿಯಲ್ಲಿ ಭಟ್ಕಳ. ಉಳಿದ ದಿನ ಮೀನು. ಮೀನಿಗೆ ಕೊಯ್ಯುವ ಪ್ರಶ್ನೆಯೇ ಇಲ್ಲ, ಕರಿಯೋ ಎಣ್ಣೆ ಬೇರೆಯಾ ಅಂತ ಕೇಳಿದರೆ ಸಾಕು. ಕಿಬ್ಲಾಗೆ ಆ್ಯಪ್ ಕೂಡ ಬೇಡ: ಸಮುದ್ರಕ್ಕೆ ಮುಖ ಮಾಡಿ ನಿಂತು ಸ್ವಲ್ಪ ಬಲಕ್ಕೆ ತಿರುಗಿದರೆ ಆಯ್ತು.

ರೆಸಾರ್ಟಿನವರೇ, ನಿಮ್ಮಿಂದ ಬೇಕಿರೋದು ವೆಬ್‌ಸೈಟಿನಲ್ಲಿ ನಾಲ್ಕು ಸಾಲು. ಮಾಂಸ ಎಲ್ಲಿಂದ ಬರುತ್ತೆ? ಮೀನು ಕರಿಯೋ ಬಾಣಲೆ ಬೇರೆಯಾ? ಪೂಲ್ ನಿಯಮ ಬಟ್ಟೆಗಾ, ಅಳತೆಗಾ? ಚೇಂಜಿಂಗ್ ರೂಮಿಗೆ ಚಿಲಕ ಇದೆಯಾ? ಚಂದ್ರನ ಗುರುತು ಬೇಡ, ಬೋರ್ಡ್ ಬೇಡ. ಹಲಾಲ್ ಇಲ್ಲ ಅಂದ್ರೆ ಇಲ್ಲ ಅನ್ನಿ, ಮೀನು ಅನ್ನ ತಿಂದು ನಿಮಗೆ ದುಡ್ಡು ಕೊಟ್ಟು ಹೋಗ್ತೀವಿ. ಪಿಸುಗುಡಬೇಡಿ, ಅಷ್ಟೇ. ಮುಂದಿನ ಟೀಮ್ ಔಟಿಂಗ್ ಪ್ಲಾನ್ ಮಾಡೋ ನೀವೂ ಫಾರ್ಮಿಗೆ ಒಂದು ಕಾಲಂ ಸೇರಿಸಿ. ಕೇಳೋಕೆ ಸಂಕೋಚಪಟ್ಟು ದಿನವಿಡೀ ಮೊಸರನ್ನ ತಿನ್ನೋ ಒಬ್ಬರು ನಿಮ್ಮ ಟೀಮಲ್ಲೂ ಇರಬಹುದು.

ನನ್ನ ಶೀಟಿಗೂ ಒಂದು ಹೊಸ ಕಾಲಂ ಬಂದಿದೆ: ಚಪ್ಪಲಿ ಕಾಯುವ ಪಾಳಿ. ಮೊದಲ ದಿನ ನನ್ನ ಗಂಡ, ಎರಡನೇ ದಿನ ನಾನು, ಮೂರನೇ ದಿನ ಅಬ್ಬಾ. ಶೀಟ್ ನೋಡಿ ಅಬ್ಬಾ "ನಾನಾ?" ಅಂದ್ರು. ಹೌದು ಅಬ್ಬಾ, ನೀವೇ.