ಚಿತ್ರ ರಬ್ಬರಿನಂತೆ ಮಿನುಗಿದರೆ ಅದು ಎಐ ಮಾಡಿದ್ದೇ?

“ಮುಖ ನೋಡಿ, ರಬ್ಬರ್ ಗೊಂಬೆ ಥರ ಇದೆ. ಇದು ಎಐ.” ವಾಟ್ಸಾಪ್ ಗ್ರೂಪಿನಲ್ಲಿ ಯಾವ ಫೋಟೊ ಬಂದರೂ ಈಗ ಯಾರಾದರೊಬ್ಬರು ಹೀಗೆ ತೀರ್ಪು ಕೊಟ್ಟುಬಿಡುತ್ತಾರೆ. ಈ ಗುರುತು ಪೂರ್ತಿ ಸುಳ್ಳಲ್ಲ. ಆದರೆ ಇದೊಂದನ್ನೇ ನಂಬಿದರೆ ಎರಡೂ ಕಡೆ ಮೋಸ ಹೋಗುತ್ತೇವೆ. ಅದು ಹೇಗೆ ಎಂದು ತಿಳಿಯಲು ಆ ಮಿನುಗು ಬರುವುದು ಎಲ್ಲಿಂದ ಎಂದು ಮೊದಲು ನೋಡೋಣ.

ಒಂದು ವಸ್ತು ರಬ್ಬರಿನದು ಎಂದು ಮುಟ್ಟದೆಯೇ ನಮಗೆ ಗೊತ್ತಾಗುವುದು ಬೆಳಕಿನಿಂದ. ಚರ್ಮದಲ್ಲಿ ಸಣ್ಣ ರಂಧ್ರ, ರೋಮ, ಸುಕ್ಕುಗಳಿರುತ್ತವೆ. ಬೆಳಕು ಅವುಗಳ ಮೇಲೆ ಬಿದ್ದು ನಾನಾ ದಿಕ್ಕಿಗೆ ಚೆದುರುತ್ತದೆ. ನುಣುಪು ರಬ್ಬರಿನಲ್ಲಿ ಹಾಗಿಲ್ಲ. ಬೆಳಕು ಒಂದೇ ಕಡೆ ಅಗಲವಾದ ಬಿಳಿ ಮಚ್ಚೆಯಂತೆ ಕೂರುತ್ತದೆ, ಅಂಚುಗಳೆಲ್ಲ ದುಂಡಗೆ ಕಾಣುತ್ತವೆ.

ಎಐ ಚಿತ್ರಗಳಿಗೆ ಈ ಗುಣ ಕೇಳದೆಯೂ ಬರುತ್ತದೆ. 2022ರ ಆಗಸ್ಟ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳು, ಹಳೆಯ ಟಿ.ವಿ.ಯಲ್ಲಿ ಸಿಗ್ನಲ್ ಹೋದಾಗ ಕಾಣುತ್ತಿತ್ತಲ್ಲ, ಅಂಥ ಚುಕ್ಕಿಗಳಿಂದ ಶುರು ಮಾಡಿ, ಚುಕ್ಕಿಗಳನ್ನು ಹಂತಹಂತವಾಗಿ ತೆಗೆಯುತ್ತಾ ಚಿತ್ರ ಬಿಡಿಸುತ್ತವೆ.  ಹೀಗೆ ಮೂಡಿದ ಚಿತ್ರದಲ್ಲಿ ಚರ್ಮದ ರಂಧ್ರಗಳಂಥ ಸಣ್ಣ ವಿವರಗಳು ಹಲವೊಮ್ಮೆ ಕಾಣುವುದಿಲ್ಲ. ಜೊತೆಗೆ, ಈ ಮಾದರಿಗಳು ಕಲಿತ ಚಿತ್ರಗಳಲ್ಲಿ ತಿದ್ದಿ ತೀಡಿದ ಜಾಹೀರಾತು ಮತ್ತು ಸ್ಟುಡಿಯೊ ಫೋಟೊಗಳೂ ಬೇಕಾದಷ್ಟಿವೆ.

ಬೇಕೆಂದೇ ರಬ್ಬರ್ ರೂಪ ತರಿಸುವವರೂ ಇದ್ದಾರೆ. ಅದಕ್ಕೆ ಬಳಸುವುದು ‘ಲೋರಾ’ ಎಂಬ ಪುಟ್ಟ ಜೋಡಣೆ ಫೈಲು. ಭಾಷಾ ಮಾದರಿಗಳಿಗಾಗಿ ಮೈಕ್ರೋಸಾಫ್ಟ್ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಈ ವಿಧಾನ ಆಮೇಲೆ ಚಿತ್ರಕ್ಕೂ ಬಂತು. ಮೂಲ ಮಾದರಿ ಹಲವು ಜಿಬಿ ತೂಗಿದರೆ ಇದು ಸಾಮಾನ್ಯವಾಗಿ ಕೆಲವು ಹತ್ತು ಎಂಬಿ ಅಷ್ಟೆ. ರಬ್ಬರ್ ಆಟಿಕೆಗಳ ಇಪ್ಪತ್ತು ಮೂವತ್ತು ಫೋಟೊ ತೋರಿಸಿ ತರಬೇತಿ ಕೊಟ್ಟರೂ ಸಾಕಾಗುತ್ತದೆ. ಬಳಸುವಾಗ ಅದರ ಪ್ರಮಾಣವನ್ನು ಸಾರಿಗೆ ಉಪ್ಪು ಹಾಕಿದಂತೆ ಹಾಕಬೇಕು. ಕಡಿಮೆಯಾದರೆ ಬರೀ ಹೊಳಪು, ಹೆಚ್ಚಾದರೆ ಹಲ್ಲು, ಮೋಡ, ಮರ ಎಲ್ಲವೂ ರಬ್ಬರ್! 2025ರಲ್ಲಿ ಗೂಗಲ್‌ನ ‘ನ್ಯಾನೊ ಬನಾನಾ’ ಬಂದ ಮೇಲಂತೂ ಈ ಫೈಲಿನ ಹಂಗೂ ಬೇಕಿಲ್ಲ. ಕನಕಗಿರಿ ತಾಲ್ಲೂಕಿನ ಹುಲಿಹೈದರದ ಕಟ್ಟೆಯ ಮೇಲೆ ಕೂತು, ಮೊಬೈಲಿನಲ್ಲೇ ನಮ್ಮ ಫೋಟೊವನ್ನು ಆಟಿಕೆ ಗೊಂಬೆ ಮಾಡಿಕೊಳ್ಳಬಹುದು. ಇದರಲ್ಲಿ ತಪ್ಪೇನೂ ಇಲ್ಲ, ಮಜಾ ಇದೆ.

ತಕರಾರು ಇರುವುದು ಚಿತ್ರದ ಕೆಳಗೆ ಬರುವ ಬರಹದ ಬಗ್ಗೆ. ಹುಲಿಹೈದರ ಇರುವ ಕೊಪ್ಪಳ ಜಿಲ್ಲೆಯಲ್ಲೇ ಕಿನ್ನಾಳವಿದೆ. ಅಲ್ಲಿನ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಭಾಗಗಳನ್ನು ಜೋಡಿಸಿ, ಕಲ್ಲಿನ ಪುಡಿಯ ಸರಿಯಿಂದ ಒಡವೆಯ ಉಬ್ಬು ಮೂಡಿಸಿ, ಬಣ್ಣ ಹಚ್ಚಿ ಗೊಂಬೆ ಮಾಡುತ್ತಾರೆ. ಈ ಕಲೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಈಗ ಯಾರೋ ಎಐನಿಂದ ನುಣುಪು ಗೊಂಬೆಯ ಚಿತ್ರ ತೆಗೆದು, “ಕಿನ್ನಾಳದ ಬಡ ಹುಡುಗ ಮಾಡಿದ್ದು, ಸಹಾಯ ಮಾಡಿ” ಎಂದು ಕ್ಯೂಆರ್ ಕೋಡ್ ಸಮೇತ ಬಿಟ್ಟರೆ? ಹಣ ಹೋಗುವುದು ಕೋಡ್ ಹಾಕಿದವನಿಗೆ. ನಿಜವಾದ ಗೊಂಬೆಯ ಕುಂಚದ ಗೆರೆ ಕಂಡವರು “ಇದೇಕೆ ಅಷ್ಟು ನೈಸಾಗಿಲ್ಲ” ಎಂದು ಬೆಲೆ ಇಳಿಸಿ ಕೇಳುವ ಅಪಾಯವೂ ಉಂಟು.

ಇದು ಬರೀ ಊಹೆಯಲ್ಲ. ಎಐ ಚಿತ್ರಗಳನ್ನು ಹೇರಳವಾಗಿ ಹಾಕುವ 120 ಫೇಸ್‌ಬುಕ್ ಪೇಜ್‌ಗಳನ್ನು ಅಮೆರಿಕದ ಸಂಶೋಧಕರಿಬ್ಬರು 2024ರಲ್ಲಿ ಅಧ್ಯಯನ ಮಾಡಿದ್ದರು. ಕೆಲವು ಪೇಜ್‌ಗಳ ಉದ್ದೇಶ ಜನರನ್ನು ಬೇರೆ ಜಾಲತಾಣಕ್ಕೆ ಎಳೆಯುವುದಾದರೆ, ಕೆಲವು ನೇರ ವಂಚನೆಯವು. ಅಂಥ ಒಂದು ಎಐ ಚಿತ್ರವನ್ನು 4 ಕೋಟಿ ಬಾರಿ ನೋಡಲಾಗಿತ್ತು.

ಇನ್ನು ಉಲ್ಟಾ ತಪ್ಪು. ಮೊಬೈಲಿನ ಬ್ಯೂಟಿ ಮೋಡ್ ಕೂಡ ಚರ್ಮದ ರಂಧ್ರಗಳನ್ನೇ ಅಳಿಸುತ್ತದೆ. ವಾಟ್ಸಾಪ್‌ ಫೋಟೊದ ಗಾತ್ರ ಕುಗ್ಗಿಸುವಾಗ ಸಣ್ಣ ವಿವರಗಳು ಇನ್ನಷ್ಟು ಮಾಯವಾಗುತ್ತವೆ. ನಾಲ್ಕು ಕೈ ದಾಟಿ ಬಂದ ಅಪಘಾತದ ಗಾಯಾಳುವಿನ ನಿಜವಾದ ಫೋಟೊ ರಬ್ಬರಿನಂತೆ ಕಂಡರೆ ಆಶ್ಚರ್ಯವಿಲ್ಲ. ಅದನ್ನು “ಎಐ” ಎಂದು ತಳ್ಳಿಹಾಕಿದರೆ ನಷ್ಟ ಆ ಮನೆಯವರಿಗೆ. ಅತ್ತ ಹೊಸ ಎಐ ಮಾದರಿಗಳು ಬೆವರು, ಮೊಡವೆ, ಸುಕ್ಕನ್ನೂ ಚೆನ್ನಾಗಿಯೇ ಬಿಡಿಸುತ್ತವೆ. ಹಾಗಾಗಿ ನುಣುಪು ಕಂಡರೆ ಅನುಮಾನ ಪಡಿ, ಆದರೆ ನುಣುಪಿಲ್ಲ ಎಂದ ಮಾತ್ರಕ್ಕೆ ನಂಬಬೇಡಿ.

ಚಿತ್ರಕ್ಕಿಂತ ಕತೆಯನ್ನು ಪರೀಕ್ಷಿಸುವುದು ಸುಲಭ ಎನ್ನುವುದು ನಮ್ಮ ಅನುಭವ. ಊರು, ದಿನಾಂಕ, ಹೆಸರು ಇದೆಯೇ? ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಅದೇ ಚಿತ್ರ ಬೇರೆ ಊರಿನ ಹೆಸರಲ್ಲಿ ಸಿಗುತ್ತದೆಯೇ? ಜೋಡಿ ಬಾಣದ ಗುರುತಿದ್ದರೆ ಅದು ಹಲವು ಸಲ ಫಾರ್ವರ್ಡ್ ಆಗಿ ಬಂದದ್ದು, ಕಳಿಸಿದ ನಿಮ್ಮ ಅಳಿಯನಿಗೂ ಮೂಲ ಗೊತ್ತಿರಲಾರದು. ಗೂಗಲ್ ತನ್ನ ಎಐ ಚಿತ್ರಗಳಲ್ಲಿ ‘ಸಿಂಥ್‌ಐಡಿ’ ಎಂಬ ಕಣ್ಣಿಗೆ ಕಾಣದ ಮುದ್ರೆ ಹಾಕುತ್ತದೆ. ಆದರೆ ಬೇರೆ ಕಂಪನಿಯ ಮಾದರಿಯಿಂದ ಮಾಡಿದ ಚಿತ್ರದಲ್ಲಿ ಅದು ಇಲ್ಲದೆಯೂ ಇರಬಹುದು. ಇನ್ನು ಕಿನ್ನಾಳದ ಗೊಂಬೆ ಎಂದು ಹಣ ಕೇಳುವ ಫಾರ್ವರ್ಡ್ ಬಂದರೆ, ಕೊಪ್ಪಳದ ಕಡೆಯ ನೆಂಟರೊಬ್ಬರಿಗೆ ಒಂದು ಫೋನ್ ಮಾಡಿ.