ಉದ್ಯೋಗದಲ್ಲಿ ತಾರತಮ್ಯ: ಸಾಕ್ಷ್ಯ ಯಾರ ಕೈಯಲ್ಲಿದೆ?

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುವ ಯುವಕನನ್ನು ಊಹಿಸಿಕೊಳ್ಳಿ. ಜೊತೆಗೆ ಸೇರಿದವರೆಲ್ಲ ಖಾಯಂ ಆದರು. ಅವನು ಗುತ್ತಿಗೆಯಲ್ಲೇ ಉಳಿದ. ಕಾರಣ ತನ್ನ ಹೆಸರೆಂದು ಅವನ ಮನಸ್ಸು ಹೇಳುತ್ತದೆ. ಕಡತದಲ್ಲಿರುವುದು ಮಾತ್ರ 'ಕೆಲಸ ತೃಪ್ತಿಕರವಲ್ಲ' ಎಂಬ ಒಂದೇ ಸಾಲು.

ಸಂವಿಧಾನದ 16ನೇ ವಿಧಿಯು ಸರಕಾರಿ ಉದ್ಯೋಗದಲ್ಲಿ ಧರ್ಮಾಧಾರಿತ ತಾರತಮ್ಯವನ್ನು ನಿಷೇಧಿಸುತ್ತದೆ. ಖಾಸಗಿ ಉದ್ಯೋಗಕ್ಕೆ ಅಂತಹ ಸಮಗ್ರ ಕಾನೂನು ನಮ್ಮಲ್ಲಿಲ್ಲ. ಸಾಚಾರ್ ಸಮಿತಿಯು 2006ರಲ್ಲಿ ಶಿಫಾರಸು ಮಾಡಿದ ಸಮಾನ ಅವಕಾಶ ಆಯೋಗ ಕಾಗದದಲ್ಲೇ ಉಳಿದಿದೆ. ಕಾರ್ಮಿಕ ಕಾನೂನು ಪಕ್ಷಪಾತವನ್ನು ಅನುಚಿತ ಪದ್ಧತಿಯೆಂದು ಪರಿಗಣಿಸುತ್ತದೆ, ನಿಜ. ಆದರೆ ಅದನ್ನು ಸಾಬೀತುಪಡಿಸುವ ಹೊಣೆ ದೂರುದಾರನದು.

ವಾದಿಯೇ ಪುರಾವೆ ಒದಗಿಸಬೇಕೆಂಬುದು ಪ್ರವಾದಿ(ಸ)ರವರು ಕಲಿಸಿದ ನ್ಯಾಯತತ್ವವೂ ಹೌದು. ಆದ್ದರಿಂದ ತತ್ವದ ಬಗ್ಗೆ ನಮ್ಮ ತಕರಾರಿಲ್ಲ. ಹಾಜರಿ, ಮೌಲ್ಯಮಾಪನ, ಬಡ್ತಿಯ ದಾಖಲೆಗಳೆಲ್ಲ ಮಾಲೀಕನ ಬೀರುವಿನಲ್ಲಿರುವಾಗ ಬಡವನು ಪುರಾವೆಯನ್ನು ಎಲ್ಲಿಂದ ತರಬೇಕು ಎಂಬುದೇ ಪ್ರಶ್ನೆ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯು ಇದಕ್ಕೊಂದು ದಾರಿ ತೋರಿದೆ: ತಾರತಮ್ಯವನ್ನು ಸೂಚಿಸುವ ಸಂಗತಿಗಳನ್ನು ನೌಕರನು ಮುಂದಿಟ್ಟರೆ, ಹಾಗೆ ನಡೆದಿಲ್ಲವೆಂದು ತೋರಿಸುವ ಹೊಣೆ ಮಾಲೀಕನಿಗೆ ವರ್ಗವಾಗುತ್ತದೆ. ನಾವು ಕೇಳಬೇಕಾದುದೂ ಇದನ್ನೇ.

2015ರಲ್ಲಿ ಮುಂಬೈಯ ವಜ್ರ ರಫ್ತು ಕಂಪನಿಯೊಂದರಿಂದ ಪದವೀಧರನೊಬ್ಬನಿಗೆ, ಮುಸ್ಲಿಮೇತರರನ್ನು ಮಾತ್ರ ನೇಮಿಸುತ್ತೇವೆಂಬ ಇಮೇಲ್ ಬಂದಿತು. ಪೊಲೀಸ್ ಪ್ರಕರಣ ದಾಖಲಾಯಿತು. ಬರಹವಿದ್ದುದರಿಂದ ಅದು ಸಾಧ್ಯವಾಯಿತು. ಬಾಯಿಮಾತಿನಲ್ಲಿ ಮುಗಿದಿದ್ದರೆ ಯಾರು ನಂಬುತ್ತಿದ್ದರು?

ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್ ಅಲ್‌ಬಕರಾ ಅಧ್ಯಾಯದಲ್ಲಿ ಆದೇಶಿಸುತ್ತದೆ. ಆ ಶಿಸ್ತನ್ನು ದುಡಿಮೆಗೂ ಅನ್ವಯಿಸೋಣ. ನೇಮಕಾತಿ ಪತ್ರ, ವೇತನ ಚೀಟಿ, ಸಂದೇಶಗಳನ್ನು ಜೋಪಾನವಾಗಿಡಿ. ನಡೆದುದನ್ನು ದಿನಾಂಕದೊಂದಿಗೆ ಅಂದೇ ಬರೆದಿಡಿ. ಮನವಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೈಗಾರಿಕಾ ಕಾರ್ಮಿಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಲು 1987ರ ಕಾಯ್ದೆಯನ್ವಯ ಅರ್ಹರು. ಈ ಹಕ್ಕನ್ನು ಅರಿತವರು ನಮ್ಮಲ್ಲಿ ಎಷ್ಟು ಮಂದಿ?

ಇನ್ನೊಂದು ಮಾತು. ಪ್ರತಿಯೊಂದು ನಿರಾಕರಣೆಯೂ ತಾರತಮ್ಯವಲ್ಲ. ಪುರಾವೆಯಿಲ್ಲದೆ ಆರೋಪಿಸುವುದೂ ಅನ್ಯಾಯವೇ. ಸ್ವತಃ ನಮ್ಮ ವಿರುದ್ಧವಾದರೂ ಸತ್ಯಕ್ಕೆ ಸಾಕ್ಷಿಯಾಗಿರೆಂಬುದು ಅನ್ನಿಸಾ ಅಧ್ಯಾಯದ ಆದೇಶ. ಆದ್ದರಿಂದ ನಮ್ಮ ಅಂಗಡಿ, ಗ್ಯಾರೇಜುಗಳಲ್ಲಿ ಕೆಲಸಗಾರರನ್ನು ನೇಮಿಸುವಾಗ ನಾವೆಷ್ಟು ನ್ಯಾಯವಂತರು ಎಂದೂ ಕೇಳಿಕೊಳ್ಳೋಣ. ಪಕ್ಕದ ಸಹೋದ್ಯೋಗಿಗೆ, ಅವನು ಯಾವ ಧರ್ಮದವನೇ ಆಗಿರಲಿ, ಅನ್ಯಾಯವಾದಾಗ ಸಾಕ್ಷಿ ನುಡಿಯಲು ನಾವು ಮುಂದಾಗೋಣ. ಇಂದು ಅವನ ಪರ ನಿಲ್ಲದವರು ನಾಳೆ ನಮಗಾಗಿ ಸಾಕ್ಷಿಯನ್ನು ಹುಡುಕುವುದು ಹೇಗೆ?