ಮೊದಲಿಂದಲೂ ಹೀಗೇ ಎನ್ನಬೇಡಿ

ಹಾಯಿ ಏರಿಸಿ ಎಂಜಿನ್ ಆರಿಸಿದ ಮೇಲೂ ಕ್ಯಾಬಿನ್ನಿನ ನೆಲದಡಿಯಿಂದ ಗುಂಯ್ ಎಂಬ ಸದ್ದು ಬರುತ್ತಲೇ ಇರುತ್ತದೆ. ದೋಣಿ ಐದಾರು ನಾಟ್ ವೇಗ ಹಿಡಿದರೆ ಸದ್ದು ಇನ್ನೂ ಜೋರು. ಹಿಂದಕ್ಕೆ ಸರಿಯುವ ನೀರು ಪ್ರೊಪೆಲರನ್ನು ತಿರುಗಿಸುತ್ತದೆ. ಅದರ ಜೊತೆಗೆ ಶಾಫ್ಟೂ ತಿರುಗುತ್ತದೆ. ಆಗ ಎಷ್ಟೋ ಮಂದಿ ಮಾಡುವುದೇನು? ಕೈಗೆ ಬಂದ ಗೇರಿಗೆ ಲಿವರ್ ತಳ್ಳಿ, ಸದ್ದು ನಿಂತಿತೆಂದು ನೆಮ್ಮದಿಯಾಗಿ ಕೂರುತ್ತಾರೆ. ಯಾಕೆ ಆ ಗೇರ್ ಎಂದು ಕೇಳಿದರೆ ‘ಮೊದಲಿಂದಲೂ ಹೀಗೇ’ ಎನ್ನುತ್ತಾರೆ. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳುವುದು ಎಂದರೆ ಇದೇ.

ನಿಮ್ಮ ದೋಣಿಯಲ್ಲಿರುವುದು ಯಾವ ಗೇರ್‌ಬಾಕ್ಸ್? ಇದಕ್ಕೆ ಉತ್ತರ ಗೊತ್ತಿಲ್ಲದವರು ಲಿವರ್ ಮುಟ್ಟಬಾರದು. ಕೋನ್ ಕ್ಲಚ್ ಇರುವ ಯಾನ್ಮಾರ್ ಗೇರ್‌ಬಾಕ್ಸುಗಳನ್ನು ಹಾಯಿಯಲ್ಲಿ ಸಾಗುವಾಗ ನ್ಯೂಟ್ರಲ್‌ನಲ್ಲೇ ಬಿಡಿ ಎಂದು ಕಂಪನಿಯೇ ಹೇಳಿದೆ. ಗೇರಿಗೆ ಹಾಕಿಟ್ಟರೆ ಕ್ಲಚ್ ಅರ್ಧಂಬರ್ಧ ಹಿಡಿದು ಜಾರುತ್ತದೆ, ಮೈ ಸವೆದು ನುಣುಪಾಗುತ್ತದೆ. ಆಮೇಲೆ ಬಂದರಿನ ಬಾಯಲ್ಲಿ ಎಂಜಿನ್ ಬೇಕಾದಾಗ ಅದು ಹಿಡಿಯುವುದಿಲ್ಲ. ಹರ್ತ್ ಕಂಪನಿಯ ಯಾಂತ್ರಿಕ ಗೇರ್‌ಬಾಕ್ಸಿನ ಮಾತೇ ಬೇರೆ: ನ್ಯೂಟ್ರಲ್‌ನಲ್ಲಿ ತಿರುಗಲು ಬಿಡಬಹುದು, ನಿಲ್ಲಿಸಲೇಬೇಕೆಂದರೆ ರಿವರ್ಸ್‌ಗೆ ಹಾಕಬಹುದು, ಆದರೆ ಫಾರ್ವರ್ಡ್‌ಗೆ ಎಂದೂ ಕೂಡದು. ಹೈಡ್ರಾಲಿಕ್ ಆಗಿದ್ದರೆ ಎಂಜಿನ್ ನಿಂತಾಗ ಎಣ್ಣೆಯ ಒತ್ತಡವೇ ಇರುವುದಿಲ್ಲ; ಲಿವರ್ ಎತ್ತ ತಳ್ಳಿದರೂ ಶಾಫ್ಟ್ ನಿಲ್ಲದು. ಅಂಥ ಕೆಲವನ್ನು ಹಾಗೇ ತಿರುಗಲು ಬಿಡಬಹುದು, ಕೆಲವನ್ನು ಬಿಡಬಾರದು. ಒಬ್ಬರ ದೋಣಿಯ ಮದ್ದು ಇನ್ನೊಬ್ಬರ ದೋಣಿಗೆ ವಿಷ.

ಇದಕ್ಕಿಂತ ಕೆಟ್ಟ ಚಾಳಿ ಇನ್ನೊಂದಿದೆ. ನೆಲದ ಹಲಗೆ ಎತ್ತಿ, ತಿರುಗುತ್ತಿರುವ ಶಾಫ್ಟಿಗೆ ಬಿಗಿಯಾಗಿ ಹಿಡಿಯುವ ಇಕ್ಕಳ ಕಚ್ಚಿಸುವುದು, ಇಲ್ಲವೇ ಹಗ್ಗ ಸುತ್ತಿ ಕಟ್ಟುವುದು. ಆ ಹಗ್ಗ ಬೆರಳನ್ನೂ ಸುತ್ತಿಕೊಳ್ಳಬಲ್ಲದು. ಸಂಜೆ ಅದನ್ನು ಮರೆತು ಎಂಜಿನ್ ಹಚ್ಚಿ ಗೇರ್ ಹಾಕಿದರೆ ಇಕ್ಕಳ ಸಿಡಿದು ಎಲ್ಲಿಗೆ ಬಡಿಯುತ್ತದೋ ಯಾರು ಬಲ್ಲರು? ಶಾಫ್ಟಿನ ಸೀಲ್ ಕಿತ್ತರೆ ನೀರು ನೇರ ದೋಣಿಯೊಳಕ್ಕೆ.

ವೇಗಕ್ಕಾಗಿ ನಿಲ್ಲಿಸುತ್ತೇವೆ ಎನ್ನುವವರಿಗೂ ಒಂದು ಮಾತು. ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಡಚದ ಪ್ರೊಪೆಲರನ್ನು ನಿಲ್ಲಿಸಿಟ್ಟಾಗಲೇ ನೀರಿನ ತಡೆ ಹೆಚ್ಚೆಂದು ಕಂಡುಬಂತು. ವೇಗವೇ ಬೇಕೆಂದರೆ ಮಡಚುವ ಪ್ರೊಪೆಲರ್ ಹಾಕಿಸಿ. ಸದ್ದು, ಬೇರಿಂಗ್ ಸವೆತದ ಚಿಂತೆಯಿದ್ದರೆ ತಯಾರಕರು ಒಪ್ಪುವ ಶಾಫ್ಟ್ ಬ್ರೇಕ್ ಹಾಕಿಸಿ. ಬ್ರೇಕ್ ಹಾಕಿದಾಗಲೆಲ್ಲ ಎಂಜಿನ್ ಕೀಲಿಗೆ ಕೆಂಪು ಚೀಟಿ ಕಟ್ಟಿ.

ಗೇರ್‌ಬಾಕ್ಸಿನ ಪಕ್ಕಕ್ಕೆ ಒಂದು ತಗಡಿನ ಪಟ್ಟಿ ಹೊಡೆದಿರುತ್ತದೆ. ಈ ವಾರವೇ ಟಾರ್ಚ್ ಹಿಡಿದು ಬಗ್ಗಿ, ಅದರ ಮೇಲಿನ ಎಣ್ಣೆ ಒರೆಸಿ ಹೆಸರನ್ನೂ ಸಂಖ್ಯೆಯನ್ನೂ ಓದಿ. ಅದೇ ಮಾದರಿಯ ಕೈಪಿಡಿ ತೆರೆಯಿರಿ. ಅಲ್ಲಿರುವ ಮಾತನ್ನು ಲಿವರಿನ ಪಕ್ಕ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಅಷ್ಟು ಮಾಡುವವರೆಗೆ ನೀವು ದೋಣಿ ನಡೆಸುತ್ತಿಲ್ಲ. ದೋಣಿ ನಿಮ್ಮನ್ನು ಸಹಿಸುತ್ತಿದೆ.